36 ಸರಿಯೋ, 3 ಸರಿಯೋ: ಒಂದು ಅಪಾರ್ಟ್‌ಮೆಂಟಿನ ಬಿಒಡಿ ಪ್ರಕರಣ

ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರು ಎರಡು ಕಾಗದ ತಂದು ನನ್ನ ಲ್ಯಾಬಿನ ಮೇಜಿನ ಮೇಲಿಟ್ಟರು. ಎರಡೂ ಒಂದೇ ನಲ್ಲಿಯ ನೀರಿನ ರಿಪೋರ್ಟು. ಒಂದರಲ್ಲಿ ಬಿಒಡಿ, ಅಂದರೆ ನೀರಿನ ಕೊಳೆಯ ಒಂದು ಅಳತೆ, ‘3ಕ್ಕಿಂತ ಕಡಿಮೆ’. ಇನ್ನೊಂದರಲ್ಲಿ 36. ನಡುವೆ ಹನ್ನೊಂದೇ ದಿನ.

“ಮೇಡಂ, ಈ ಇಬ್ಬರಲ್ಲಿ ಯಾರದು ತಪ್ಪು? ಅಷ್ಟು ಹೇಳಿ ಸಾಕು” ಅಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಎರಡು ಲೆಕ್ಕ ತಾಳೆಯಾಗದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಬೆಂಗಳೂರಿನ ಪೂರ್ವ ಭಾಗದಲ್ಲಿ, ವರ್ತೂರು ಕೆರೆಯ ಕಡೆ ಇರುವ ಅಪಾರ್ಟ್‌ಮೆಂಟ್ ಅದು. ಸುಮಾರು 240 ಮನೆ. ನೆಲಮಾಳಿಗೆಯಲ್ಲಿ 150 ಕೆಎಲ್‌ಡಿ ಎಸ್‌ಟಿಪಿ, ಅಂದರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕೊಳಚೆ ನೀರು ಶುದ್ಧ ಮಾಡುವ ಘಟಕ. ಗಾಳಿ ಊದುವ ತೊಟ್ಟಿ, ಕೆಸರು ಕೂರಿಸುವ ತೊಟ್ಟಿ, ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಕೊನೆಗೆ ರೋಗಾಣು ಸಾಯಿಸಲು ಹೈಪೋ ಅನ್ನುವ ದ್ರಾವಣ. ನೀರು ಟಾಯ್ಲೆಟ್ ಫ್ಲಶ್ಶಿಗೆ, ಗಿಡಕ್ಕೆ ಹೋಗುತ್ತದೆ. ಮಿಕ್ಕಿದ್ದು ರಾಜಕಾಲುವೆಗೆ. ಅವರ ಕನ್ಸೆಂಟ್ ಪತ್ರದಲ್ಲಿ, ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಅನುಮತಿಯಲ್ಲಿ, ಬಿಒಡಿ 10 ದಾಟಬಾರದು ಅಂತಿತ್ತು. ಎಲ್ಲ ಅಂಕಿಯೂ ಲೀಟರಿಗೆ ಮಿಲಿಗ್ರಾಂ ಲೆಕ್ಕ.

‘3ಕ್ಕಿಂತ ಕಡಿಮೆ’ ಅಂದದ್ದು ಅವರು ತಿಂಗಳು ತಿಂಗಳು ದುಡ್ಡು ಕೊಟ್ಟು ಮಾಡಿಸುವ ಲ್ಯಾಬು. 36 ಅಂದದ್ದು ತಪಾಸಣೆಗೆ ಬಂದವರು ಒಯ್ದ ಸ್ಯಾಂಪಲ್. ಅದರ ಹಿಂದೆಯೇ ನೋಟಿಸ್ ಬಂದಿತ್ತು.

ಬಿಒಡಿ ಅಂದರೇನು ಅಂತ ಸೆಕ್ರೆಟರಿಯವರಿಗೆ ನಾನು ಹೇಳಿದ್ದು ಹೀಗೆ. ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿನ್ನುವಾಗ ನೀರಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಬಾಟಲಿಯಲ್ಲಿ ನೀರು ತುಂಬಿ, ಗಾಳಿ ಸೇರದಂತೆ ಮುಚ್ಚಿ, ಕತ್ತಲಲ್ಲಿ ಇಡುತ್ತೇವೆ. ಇಡುವಾಗ ಎಷ್ಟು ಆಮ್ಲಜನಕ ಇತ್ತು, ತೆಗೆಯುವಾಗ ಎಷ್ಟು ಉಳಿಯಿತು ಅಂತ ನೋಡುತ್ತೇವೆ. ಅಷ್ಟೇ. ಅಂದರೆ ನಾವು ಕೊಳೆಯನ್ನು ತೂಗುವುದಿಲ್ಲ. ಊಟಕ್ಕೆ ಕೂತವರು ಎಷ್ಟು ತಿಂದರು ಅಂತ ಹೊರಗಿನಿಂದ ಅಂದಾಜು ಮಾಡುತ್ತೇವೆ. ಪಂಕ್ತಿಯಲ್ಲಿ ಯಾರು ಕೂತಿದ್ದರು ಅನ್ನುವುದು ರಿಪೋರ್ಟಿನಲ್ಲಿ ಬರೆದಿರುವುದಿಲ್ಲ. ಈ ಪ್ರಕರಣ ಪೂರ್ತಿ ನಿಂತಿದ್ದು ಅದರ ಮೇಲೇ.

ಎಷ್ಟು ದಿನ ಇಡಬೇಕು? ಹಳೆಯ ಪುಸ್ತಕಗಳಲ್ಲಿ 5 ದಿನ, 20 ಡಿಗ್ರಿ ಅಂತ ಇರುತ್ತದೆ. ಐದು ದಿನದ ಲೆಕ್ಕ ಬಂದದ್ದು ಬ್ರಿಟನ್ನಿನಿಂದ. ಕೊಳಚೆ ವಿಲೇವಾರಿಗೆಂದು ಅಲ್ಲಿ 1898ರಲ್ಲಿ ರಾಯಲ್ ಕಮಿಷನ್ ಮಾಡಿದ್ದರು. ಅದರ 1912ರ ಎಂಟನೇ ವರದಿಯಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್, 5 ದಿನ, ಮಿತಿ 20 ಅಂತ ಬಂತು. ಬ್ರಿಟನ್ನಿನ ನದಿಗಳು ಐದು ದಿನದೊಳಗೆ ಸಮುದ್ರ ಸೇರುತ್ತವೆ, ಅದಕ್ಕೇ ಐದು ಅಂತ ಎಲ್ಲರೂ ಹೇಳುವ ವಿವರಣೆ. ನಮ್ಮಲ್ಲಿ ಈಗ ಭಾರತೀಯ ಮಾನಕ ಐಎಸ್ 3025ರ 44ನೇ ಭಾಗದ ಪ್ರಕಾರ 3 ದಿನ, 27 ಡಿಗ್ರಿ. ಬಿಸಿಯಲ್ಲಿ ಜೀವಿಗಳು ಚುರುಕು. ಇಡ್ಲಿ ಹಿಟ್ಟು ರಾಯಚೂರಿನ ಬೇಸಿಗೆಯಲ್ಲಿ ಬೇಗ ಉಬ್ಬುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಮಧ್ಯಾಹ್ನದವರೆಗೂ ಹಾಗೇ ಕೂತಿರುತ್ತದೆ, ಅಲ್ವಾ? ಅದೇ ಲೆಕ್ಕ. ಮೂರು ದಿನದ ಪದ್ಧತಿಯಲ್ಲಿ ಒಂದೇ ತಕರಾರು: ಗುರುವಾರ ಬಾಟಲಿ ಇಟ್ಟರೆ ಭಾನುವಾರ ಲ್ಯಾಬಿಗೆ ಬರಬೇಕು. ಅದಕ್ಕೇ ಗುರುವಾರ ಯಾರಾದರೂ ಸ್ಯಾಂಪಲ್ ತಂದರೆ ಲ್ಯಾಬಿನವರ ಮುಖ ಸ್ವಲ್ಪ ಸಣ್ಣಗಾಗುತ್ತದೆ.

ಮೊದಲ ಸುಳಿವು

ಎರಡನೇ ರಿಪೋರ್ಟನ್ನು ಮತ್ತೆ ಓದಿದೆ. ಬಿಒಡಿ 36. ಅದರ ಕೆಳಗಿನ ಸಾಲಿನಲ್ಲಿ ಸಿಒಡಿ 44. ತೇಲುವ ಕಣ 8.

ಇಲ್ಲೇ ಕಣ್ಣು ನಿಂತಿತು. ಸಿಒಡಿಯೂ ಕೊಳೆಗೆ ಬೇಕಾಗುವ ಆಮ್ಲಜನಕದ ಅಳತೆಯೇ, ಆದರೆ ಅದರಲ್ಲಿ ಜೀವಿಗಳ ಕೆಲಸ ಇಲ್ಲ. ಡೈಕ್ರೋಮೇಟ್ ಅನ್ನುವ ರಾಸಾಯನಿಕ ಮತ್ತು ಆಮ್ಲ ಹಾಕಿ ಎರಡು ಗಂಟೆ ಕುದಿಸುತ್ತೇವೆ. ಜೀವಿಗಳಿಗೆ ಅರಗದ್ದೂ ಅದರಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಸಿಒಡಿ ಯಾವತ್ತೂ ದೊಡ್ಡದು. ಹಸಿ ಕೊಳಚೆಯಲ್ಲೇ ಬಿಒಡಿ ಸಿಒಡಿಯ ಅರ್ಧದ ಆಸುಪಾಸು ಇರುತ್ತದೆ. ಶುದ್ಧ ಮಾಡಿದ ನೀರಲ್ಲಿ ಇನ್ನೂ ಕಡಿಮೆ ಇರಬೇಕು, ಯಾಕೆಂದರೆ ತಿನ್ನಲು ಸುಲಭವಾದದ್ದನ್ನೆಲ್ಲ ತೊಟ್ಟಿಯಲ್ಲೇ ತಿಂದು ಮುಗಿಸಿರುತ್ತವೆ. ಇಲ್ಲಿ ನೋಡಿದರೆ 44ರಲ್ಲಿ 36! ಕಣ ಬೇರೆ ಬರೀ 8. ತಿಳಿಯಾದ ನೀರು. ಅಷ್ಟು ಆಮ್ಲಜನಕ ಎಲ್ಲಿಗೆ ಹೋಯಿತು?

ಡೈಕ್ರೋಮೇಟಿಗೆ ಕಾಣದ, ಆದರೆ ಬಾಟಲಿಯ ಜೀವಿಗಳಿಗೆ ಬೇಕಾದ ಒಂದು ಪದಾರ್ಥ ಇದೆ. ಅಮೋನಿಯಾ. ನೈಟ್ರೀಕರಣ ಮಾಡುವ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು. ಭಾರಿ ಹಸಿವು. ಹಸಿ ಕೊಳಚೆಯಲ್ಲಿ ಈ ಬ್ಯಾಕ್ಟೀರಿಯಾ ತೀರಾ ಕಡಿಮೆ, ಬೆಳೆಯುವುದೂ ನಿಧಾನ, ಹಾಗಾಗಿ ಮೂರು ದಿನದಲ್ಲಿ ಅವುಗಳ ಕಾಟ ಕಾಣುವುದಿಲ್ಲ. ಆದರೆ ಗಾಳಿ ಚೆನ್ನಾಗಿ ಊದುವ ಎಸ್‌ಟಿಪಿಯ ನೀರಲ್ಲಿ ಅವು ದಂಡಿಯಾಗಿ ಇರುತ್ತವೆ. ಬಾಟಲಿಗೆ ಬಿದ್ದ ದಿನವೇ ಕೆಲಸ ಶುರು.

ಸರಿ, 36ಕ್ಕೆ ಒಂದು ಅನುಮಾನ ಸಿಕ್ಕಿತು. ಹಾಗಾದರೆ ‘3ಕ್ಕಿಂತ ಕಡಿಮೆ’ ಹೇಗೆ ಬಂತು? ಅದೇ ನಲ್ಲಿ, ಅದೇ ನೀರು.

ಉತ್ತರ ಕೊಟ್ಟಿದ್ದು ಎಸ್‌ಟಿಪಿಯ ಆಪರೇಟರ್. ಸಿಂಧನೂರು ಕಡೆಯ ಹುಡುಗ. ಒಂದು ಹಳೆಯ ಡೈರಿಯಲ್ಲಿ ದಿನವೂ ಬರೆದಿಟ್ಟಿದ್ದ: ಪಂಪು ಎಷ್ಟು ಹೊತ್ತು, ಫಿಲ್ಟರ್ ಯಾವಾಗ ತೊಳೆದದ್ದು, ಹೈಪೋ ಎಷ್ಟು ಕ್ಯಾನು. ತಪಾಸಣೆಯ ತಾರೀಕು ತೆಗೆಸಿದೆ.

“ಅವತ್ತ ಹೈಪೋ ಖಾಲಿ ಆಗಿತ್ರಿ ಮೇಡಂ. ಎರಡು ದಿನ ಆಗಿತ್ತು. ಮರುದಿನ ಕ್ಯಾನು ಬಂತು.”

“ತಿಂಗಳ ಲ್ಯಾಬಿನವರು ಬಂದಾಗ?”

“ಅವ್ರು ಬರೋದು ಗೊತ್ತಿರ್ತದಲ್ರಿ. ಅವತ್ತ ಒಂದೀಟು ಜಾಸ್ತೀನೇ ಹಾಕ್ತೀವಿ.”

ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ವಾಸನೆ ಬರದಿರಲಿ ಅಂತ ಹಾಕುತ್ತಿದ್ದ. ಆದರೆ ಹೈಪೋ ಅಂದರೆ ಕ್ಲೋರಿನ್. ಬಾಟಲಿಯ ಜೀವಿಗಳಿಗೆ ವಿಷ. ಊಟಕ್ಕೆ ಕೂರಬೇಕಾದವರನ್ನೇ ಕೊಂದು, ಅನ್ನ ಹಾಗೇ ಉಳಿದಿದೆ, ಇವರಿಗೆ ಹಸಿವೇ ಇಲ್ಲ ಅಂತ ಬರೆದ ಹಾಗೆ. ಕ್ಲೋರಿನ್ ಇದ್ದ ಸ್ಯಾಂಪಲ್ ಬಂದರೆ ಲ್ಯಾಬಿನವರು ಮೊದಲು ಸೋಡಿಯಂ ಸಲ್ಫೈಟಿನಿಂದ ಅದನ್ನು ತೆಗೆಯಬೇಕು. ಆಮೇಲೆ ಹೊಸದಾಗಿ ಜೀವಿಗಳನ್ನು ಸೇರಿಸಬೇಕು. ಇದಕ್ಕೆ ಸೀಡ್ ಅನ್ನುತ್ತಾರೆ. ನಾನು ಹೆಪ್ಪು ಅನ್ನುತ್ತೇನೆ. ಮೊಸರಾಗಬೇಕಾದರೆ ಹೆಪ್ಪು ಹಾಕಲೇಬೇಕು. ರಿಪೋರ್ಟಿನಲ್ಲಿ ಕ್ಲೋರಿನ್ ತೆಗೆದ ಬಗ್ಗೆ, ಹೆಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದೆಲ್ಲ ಇನ್ನೂ ಊಹೆ. ಬಾಟಲಿ ಇಟ್ಟೇ ನೋಡಬೇಕಿತ್ತು.

ಬಾಟಲಿಗಳು

ಶುಕ್ರವಾರ ಬೆಳಿಗ್ಗೆ ಎರಡು ಕಡೆ ಸ್ಯಾಂಪಲ್ ತೆಗೆದೆ. ಒಂದು, ಫಿಲ್ಟರ್ ಆದ ಮೇಲೆ, ಹೈಪೋ ಬೀಳುವ ಮೊದಲು. ಇನ್ನೊಂದು, ಹೈಪೋ ಆದ ಮೇಲೆ ಎಲ್ಲರೂ ತೆಗೆಯುವ ಅದೇ ನಲ್ಲಿಯಿಂದ. ಎರಡನೆಯದಕ್ಕೆ ಕ್ಲೋರಿನ್ ಕಿಟ್ಟಿನ ಹನಿ ಬಿಟ್ಟ ತಕ್ಷಣ ಗಾಢ ಹಳದಿ.

ಸೋಮವಾರ ತೆಗೆದು ನೋಡಿದರೆ ಇಡೀ ಬ್ಯಾಚ್ ಹಾಳು. ತಪ್ಪು ನನ್ನದೇ. ಸ್ಯಾಂಪಲ್ಲನ್ನು ತೆಳು ಮಾಡಲು ಬಳಸುವ ನೀರನ್ನು ಸುಮ್ನೆ ಒಂದು ಬಾಟಲಿಯಲ್ಲಿ ತುಂಬಿ ಜೊತೆಗೇ ಇಡುತ್ತೇವೆ. ಅದಕ್ಕೆ ಬ್ಲ್ಯಾಂಕ್ ಅಂತ ಹೆಸರು. ಅದರಲ್ಲಿ ಆಮ್ಲಜನಕ 0.2ಕ್ಕಿಂತ ಜಾಸ್ತಿ ಇಳಿಯಬಾರದು. ನನ್ನದು 0.6 ಇಳಿದಿತ್ತು. 0.6 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಹತ್ತು ಪಟ್ಟು ತೆಳು ಮಾಡಿದ ಬಾಟಲಿಯಲ್ಲಿ ಕೊನೆಗೆ ಎಲ್ಲವನ್ನೂ ಹತ್ತರಿಂದ ಗುಣಿಸುತ್ತೇವೆ. 0.6 ಹೋಗಿ 6 ಆಗುತ್ತದೆ. ಮಿತಿಯೇ 10 ಇರುವಾಗ 6ರ ಸುಳ್ಳು! ಹುಡುಕಿದಾಗ ಸಿಕ್ಕಿದ್ದು ಡಿಸ್ಟಿಲ್ಡ್ ನೀರಿನ ದೊಡ್ಡ ಕ್ಯಾನಿನ ರಬ್ಬರ್ ಟ್ಯೂಬು. ಬೆರಳಿಟ್ಟರೆ ಒಳಗೆ ಲೋಳೆ. ಟ್ಯೂಬ್ ಬಿಸಾಕಿ, ಕ್ಯಾನು ತೊಳೆದು, ಮಂಗಳವಾರ ಹೊಸ ಸ್ಯಾಂಪಲ್ ತಂದು ಮತ್ತೆ ಶುರು ಮಾಡಿದೆ. ಸೆಕ್ರೆಟರಿಯವರಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದರು. “ನಿಮ್ಮ ಲ್ಯಾಬಿನಲ್ಲೂ ಹೀಗಾಗುತ್ತಾ?” ಅಂದರು. ಆಗುತ್ತೆ ಸರ್. ಬ್ಲ್ಯಾಂಕ್ ಇಡುವುದು ಅದಕ್ಕೇ.

ತೆಳು ಮಾಡುವುದು ಯಾಕೆ ಅಂದರೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ತುಂಬಾ ಕಡಿಮೆ. 27 ಡಿಗ್ರಿಯಲ್ಲಿ ಮಂಗಳೂರಿನ ನೀರಿಗೆ ಹೆಚ್ಚೆಂದರೆ 8. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ 7.1ರ ಸುತ್ತಮುತ್ತ ಅಷ್ಟೇ. ಅಷ್ಟರೊಳಗೆ ಆಟ ಮುಗಿಯಬೇಕು. ಕನಿಷ್ಠ 2 ಇಳಿದಿರಬೇಕು, ಕೊನೆಗೆ ಕನಿಷ್ಠ 1 ಉಳಿದಿರಬೇಕು. ಇಲ್ಲದಿದ್ದರೆ ಆ ಬಾಟಲಿ ಲೆಕ್ಕಕ್ಕಿಲ್ಲ. ಹಾಗಾಗಿ 300 ಮಿಲಿ ಬಾಟಲಿಗಳಲ್ಲಿ ಬೇರೆ ಬೇರೆ ಪ್ರಮಾಣದ ಸ್ಯಾಂಪಲ್ ಹಾಕಿ ನಾಲ್ಕಾರು ಬಾಟಲಿ ಇಡುತ್ತೇವೆ. ಯಾವುದಾದರೂ ಒಂದೆರಡು ಸರಿಯಾಗಿ ಕೂರುತ್ತವೆ.

ಶುಕ್ರವಾರ ಬಾಟಲಿಗಳನ್ನು ತೆಗೆದೆ. ಈ ಸಲ ಬ್ಲ್ಯಾಂಕ್ 0.1. ಮೊದಲು ಹೈಪೋ ಬೀಳುವ ಮುಂಚಿನ ನೀರು. ಒಂದೊಂದು ಬಾಟಲಿಗೂ ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ-ಅಯೋಡೈಡ್-ಅಜೈಡ್ ಬಿಡಬೇಕು. ಮುಚ್ಚಿ ತಲೆಕೆಳಗು ಮಾಡಿದರೆ ಒಳಗೆ ಮೋಡದ ಹಾಗೆ ಗಸಿ ಏಳುತ್ತದೆ. ಆಮ್ಲಜನಕ ಇದ್ದರೆ ಕಂದು, ಕಾಫಿ ಡಿಕಾಕ್ಷನ್ ಕಲಕಿದ ಹಾಗೆ. ಇಲ್ಲದಿದ್ದರೆ ಬಿಳಿ. 15 ಮಿಲಿ ಸ್ಯಾಂಪಲ್ ಹಾಕಿದ್ದ ಬಾಟಲಿ ಕಂದು. 30 ಮಿಲಿಯದು ತಿಳಿ ಕಂದು. 60 ಮಿಲಿಯದು ಬಿಳಿ, ಅಕ್ಕಿ ತೊಳೆದ ನೀರಿನ ಬಿಳಿ. ಟೈಟ್ರೇಷನ್ ಮಾಡುವ ಮೊದಲೇ ಗೊತ್ತಾಯಿತು, ಅದರಲ್ಲಿ ಎಲ್ಲ ಖಾಲಿ.

ಆಮ್ಲ ಹಾಕಿದರೆ ಗಸಿ ಕರಗಿ ಹೊಂಬಣ್ಣ ಬರುತ್ತದೆ. ಥಯೋಸಲ್ಫೇಟ್ ಹನಿಸುತ್ತಾ ಹೋದರೆ ಒಣಹುಲ್ಲಿನ ಬಣ್ಣ. ಆಗ ಪಿಷ್ಟ ಹಾಕಬೇಕು, ನೀಲಿ ಆಗುತ್ತದೆ. ಇನ್ನೊಂದೆರಡು ಹನಿಗೆ ನೀಲಿ ಮಾಯ. ಅಲ್ಲಿಯವರೆಗೆ ಎಷ್ಟು ಥಯೋಸಲ್ಫೇಟ್ ಹಿಡಿಯಿತು ಅನ್ನುವುದರಿಂದಲೇ ಆಮ್ಲಜನಕದ ಲೆಕ್ಕ. ಇದು 1888ರಲ್ಲಿ ಲಾಯೋಷ್ ವಿಂಕ್ಲರ್ ಮಾಡಿದ ವಿಧಾನ, ಇವತ್ತಿಗೂ ನಡೆಯುತ್ತಿದೆ. ಅಜೈಡ್ ಆಮೇಲೆ ಸೇರಿದ್ದು. ನೀರಲ್ಲಿ ನೈಟ್ರೈಟ್ ಇದ್ದರೆ ಹೋದ ನೀಲಿ ಮತ್ತೆ ಮತ್ತೆ ವಾಪಸ್ ಬರುತ್ತದೆ, ಅಜೈಡ್ ಅದನ್ನು ತಡೆಯುತ್ತದೆ. ಇಂಥ ಅರೆಬರೆ ನೈಟ್ರೀಕರಣದ ನೀರಿಗೆ ಅದು ಬೇಕೇ ಬೇಕು. ಮೀಟರ್ ಇದ್ದರೂ ತಕರಾರಿನ ಸ್ಯಾಂಪಲ್ಲಿಗೆ ನಾನು ವಿಂಕ್ಲರ್ರೇ ಮಾಡುವುದು. ಕಣ್ಣಿಗೆ ಕಾಣುತ್ತೆ ನೋಡಿ.

15 ಮಿಲಿ ಬಾಟಲಿಯಲ್ಲಿ 7.1ರಿಂದ 5.3ಕ್ಕೆ ಇಳಿದಿತ್ತು. ಇಳಿದದ್ದು 1.8, ಸಾಲದು. 60 ಮಿಲಿಯದರಲ್ಲಿ ಉಳಿದದ್ದು 0.2, ಅದೂ ಸಾಲದು. 30 ಮಿಲಿಯದು 7.0ರಿಂದ 3.4ಕ್ಕೆ ಬಂದಿತ್ತು. ಇಳಿದದ್ದು 3.6. ಹತ್ತರಿಂದ ಗುಣಿಸಿದರೆ 36.

ಅಂದರೆ ತಪಾಸಣೆಯವರ 36 ಕೈತಪ್ಪಿನಿಂದ ಬಂದ ಅಂಕಿ ಅಲ್ಲ. ಅವರ ಕೆಲಸ ಸರಿಯಾಗಿಯೇ ಇತ್ತು.

ಇನ್ನು ಅದೇ ನೀರಿಗೆ ಅಲೈಲ್ ಥಯೋಯೂರಿಯಾ ಹಾಕಿದ ಬಾಟಲಿಗಳು. ಲೀಟರಿಗೆ 2 ಮಿಲಿಗ್ರಾಂ ಸಾಕು, ನೈಟ್ರೀಕರಣದ ಬ್ಯಾಕ್ಟೀರಿಯಾ ಕೈಕಟ್ಟಿ ಕೂರುತ್ತವೆ. ಉಳಿದವು ತಮ್ಮ ಊಟ ಮುಂದುವರಿಸುತ್ತವೆ. ಜಾಸ್ತಿ ಹಾಕಿದರೆ ವಿಂಕ್ಲರಿಗೇ ತೊಂದರೆ. ಈ ಬಾಟಲಿಗಳಿಗೆ ಹೆಪ್ಪೂ ಹಾಕಿದ್ದೆ, ಒಂದು ದಿನ ತಿಳಿಯಾಗಲು ಬಿಟ್ಟ ಕೊಳಚೆ ನೀರು, ಬಾಟಲಿಗೆ 1 ಮಿಲಿ. ಹೆಪ್ಪು ತಾನೇ ತಿನ್ನುವ ಆಮ್ಲಜನಕ 0.7. ಅದನ್ನು ಕಳೆಯಬೇಕು. 100 ಮಿಲಿ ಬಾಟಲಿಯಲ್ಲಿ 3.4 ಇಳಿದಿತ್ತು, 0.7 ಕಳೆದರೆ 2.7, ಮೂರರಿಂದ ಗುಣಿಸಿದರೆ 8.1. 150 ಮಿಲಿಯದರಲ್ಲಿ 4.7 ಇಳಿದಿತ್ತು, ಕಳೆದು ಗುಣಿಸಿದರೆ 8.0. ಎರಡೂ ಒಂದನ್ನೊಂದು ಒಪ್ಪುತ್ತವೆ.

36 ಮತ್ತು 8. ಅದೇ ನೀರು, ಅದೇ ಇನ್‌ಕ್ಯುಬೇಟರು, ಅದೇ ಮೂರು ದಿನ. ನಡುವಿನ 28 ಅಮೋನಿಯಾ ತಿಂದವರ ಬಾಬತ್ತು.

ಹೈಪೋ ಹಾಕಿದ ನೀರು? ಏನೂ ಮಾಡದೆ ಹಾಗೇ ಇಟ್ಟ 100 ಮಿಲಿ ಬಾಟಲಿಯಲ್ಲಿ ಇಳಿದದ್ದು 0.4. ತಿಂಗಳ ಲ್ಯಾಬಿನ ‘3ಕ್ಕಿಂತ ಕಡಿಮೆ’ ಇದೇ. ಅದೇ ನೀರಿನ ಕ್ಲೋರಿನ್ ತೆಗೆದು, ಹೆಪ್ಪು ಮತ್ತು ಥಯೋಯೂರಿಯಾ ಹಾಕಿದ ಬಾಟಲಿಯಲ್ಲಿ 7.8 ಬಂತು.

ನಾನೇ ಬಡಿಸಿದ ಅಮೋನಿಯಾ

ಇಲ್ಲೊಂದು ವಿಷಯ ಹೇಳಲೇಬೇಕು. ಲ್ಯಾಬಿನವರೂ ಇದನ್ನು ಮರೆಯುತ್ತಾರೆ. ತೆಳು ಮಾಡುವ ನೀರಿಗೆ ನಾಲ್ಕು ದ್ರಾವಣ ಹಾಕುತ್ತೇವೆ: ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್. ಜೀವಿಗಳಿಗೆ ಉಪ್ಪು-ಹುಳಿ ಇದ್ದ ಹಾಗೆ. ಆ ಬಫರಿನಲ್ಲಿ ಅಮೋನಿಯಂ ಕ್ಲೋರೈಡ್ ಇದೆ, ಲೀಟರ್ ಬಫರಿಗೆ 1.7 ಗ್ರಾಂ. ಲೆಕ್ಕ ಹಾಕಿದರೆ ತೆಳು ನೀರಿನ ಪ್ರತಿ ಲೀಟರಿನಲ್ಲಿ 0.45 ಮಿಲಿಗ್ರಾಂ ಅಮೋನಿಯಾ ಸಾರಜನಕ. ಪೂರ್ತಿ ನೈಟ್ರೇಟ್ ಆದರೆ ಅದೊಂದೇ 2 ಮಿಲಿಗ್ರಾಂ ಆಮ್ಲಜನಕ ನುಂಗುತ್ತದೆ.

ಈ ಅಪಾರ್ಟ್‌ಮೆಂಟಿನ ನೀರಲ್ಲಿ ಅಮೋನಿಯಾ ಅಳೆದಾಗ 9.2 ಇತ್ತು. 30 ಮಿಲಿ ಹಾಕಿದ ಬಾಟಲಿಯಲ್ಲಿ ಅದರ ಪಾಲು 0.92. ನಾನು ಬಫರಿನ ಜೊತೆ ಹಾಕಿದ್ದು 0.4. ಅಂದರೆ ಆ ಬಾಟಲಿಯ ಅಮೋನಿಯಾದಲ್ಲಿ ಸುಮಾರು ಮೂರನೇ ಒಂದು ಪಾಲು ನಾನೇ ಬಡಿಸಿದ್ದು! ಹಾಗಾಗಿ ಆ 28ರಲ್ಲಿ ಒಂದಿಷ್ಟು ಅಪಾರ್ಟ್‌ಮೆಂಟಿನದೂ ಅಲ್ಲ, ಲ್ಯಾಬಿನದು. ಇದಕ್ಕೇ ನಾನು ಹೇಳುವುದು, ಇಂಥ ನೀರಿಗೆ ಥಯೋಯೂರಿಯಾ ಇಲ್ಲದ ಒಂದೇ ಅಂಕಿ ಹಿಡಿದು ಯಾರನ್ನೂ ಬೈಯಬೇಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1984ರಲ್ಲೇ ಬಿಒಡಿ 30ರ ಬದಲು, ನೈಟ್ರೀಕರಣ ತಡೆದು ಅಳೆದ 25ರ ಮಿತಿಯನ್ನು ಬಳಸಬಹುದು ಅಂತ ಅವಕಾಶ ಕೊಟ್ಟಿತು.

ಸೆಕ್ರೆಟರಿಯವರ ಮುಖ ಅರಳಿತು. “ಹಾಗಾದರೆ ನಮ್ಮ ಬಿಒಡಿ 8! ಮಿತಿಯೊಳಗೇ ಇದೆ. ನೋಟಿಸಿಗೆ ಹಾಗೇ ಬರೆದುಬಿಡಲಾ?”

ಬರೆಯಬಹುದಿತ್ತು. ನಾನು ಬೇಡ ಅಂದೆ. ಕನ್ಸೆಂಟ್ ಪತ್ರದ ಮುಂದಿನ ಪುಟ ತಿರುಗಿಸಿ ತೋರಿಸಿದೆ. ಅಮೋನಿಯಾ ಸಾರಜನಕದ ಮಿತಿ 5. ಇವರದು 9.2. ಬಿಒಡಿ ಸಾಲಿನಿಂದ ತಪ್ಪಿಸಿಕೊಂಡರೆ ಅಮೋನಿಯಾ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಕಾಗದದ ಮಾತು ಬಿಡಿ. ರಾಜಕಾಲುವೆಯಲ್ಲಿ ಥಯೋಯೂರಿಯಾ ಹಾಕುವವರು ಯಾರೂ ಇಲ್ಲ. ಬಾಟಲಿಯಲ್ಲಿ ನಡೆದದ್ದೇ ಕೆರೆಯಲ್ಲೂ ನಡೆಯುತ್ತದೆ. ಆಮ್ಲಜನಕ ಹೋಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದನ್ನು ಅವರು ತಮ್ಮ ಬಾಲ್ಕನಿಯ ಕಡೆಯಿಂದಲೇ ನೋಡಿದವರು. ಆ ನೀರು ಮುಂದೆ ವರ್ತೂರಿಗೇ ಬರುತ್ತದೆ. ಹೆಚ್ಚು ಹೇಳಬೇಕಾಗಲಿಲ್ಲ.

ಹನ್ನೊಂದರಿಂದ ಐದು

ಹಾಗಾದರೆ ಅಮೋನಿಯಾ ಯಾಕೆ ಉಳಿಯಿತು? ನೈಟ್ರೀಕರಣದ ಬ್ಯಾಕ್ಟೀರಿಯಾ ದಂಡಿಯಾಗಿದ್ದವು. ಅಂದರೆ ಘಟಕ ಅರ್ಧ ಕೆಲಸ ಚೆನ್ನಾಗಿ ಮಾಡುತ್ತಿತ್ತು. ಇನ್ನರ್ಧಕ್ಕೆ ಏನು ಅಡ್ಡಿ?

ಮತ್ತೆ ಡೈರಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬ್ಲೋವರಿನ, ಅಂದರೆ ತೊಟ್ಟಿಗೆ ಗಾಳಿ ಊದುವ ಯಂತ್ರದ, ಕಾಲಂ ಖಾಲಿ. ಬ್ಲೋವರ್ ರೂಮಿನ ಮೇಲಿನ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರಿದ್ದಾರೆ. ಗುಂಯ್ ಅನ್ನುವ ಸದ್ದಿಗೆ ಅವರಿಗೆ ನಿದ್ದೆ ಇಲ್ಲ. ಮೀಟಿಂಗಿನಲ್ಲಿ ಮಾತಾಗಿ ರಾತ್ರಿ ಆಫ್ ಮಾಡುವುದು ಅಂತ ಆಗಿತ್ತು. ಕರೆಂಟ್ ಬಿಲ್ಲೂ ಉಳಿಯಿತು, ಎಲ್ಲರಿಗೂ ಖುಷಿ. ಆಫ್ ಮಾಡಿದ ಕಾರಣಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಬೆಳಿಗ್ಗೆ ಐದಕ್ಕೆ ಹೋಗಿ ತೊಟ್ಟಿಯಲ್ಲಿ ಆಮ್ಲಜನಕ ಅಳೆದೆ. 0.3. ಕೊಳೆ ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಹೇಗೋ ಸುಧಾರಿಸಿಕೊಳ್ಳುತ್ತವೆ. ನೈಟ್ರೀಕರಣದವು ಹಾಗಲ್ಲ, ಅವಕ್ಕೆ 2ರ ಹತ್ತಿರ ಬೇಕು. ಆರು ಗಂಟೆ ಅವು ಸುಮ್ಮನಿರುತ್ತವೆ. ಅಷ್ಟರಲ್ಲಿ ಬೆಳಗಿನ ಸ್ನಾನ, ಟಾಯ್ಲೆಟ್ಟು, ಪಾತ್ರೆ ಎಲ್ಲದರ ನೀರು ಒಟ್ಟಿಗೆ ಬಂದು ಬೀಳುತ್ತದೆ.

ದುರಸ್ತಿ ದೊಡ್ಡದೇನಲ್ಲ. ಬ್ಲೋವರಿಗೆ ಸದ್ದು ತಡೆಯುವ ಪೆಟ್ಟಿಗೆ, ಅಡಿಗೆ ರಬ್ಬರ್ ಪ್ಯಾಡು, ರಾತ್ರಿ ಕಡಿಮೆ ವೇಗದಲ್ಲಿ ಓಡಿಸಲು ವಿಎಫ್‌ಡಿ. ತಪಾಸಣೆಗೆ ಕೊಟ್ಟ ಉತ್ತರದಲ್ಲಿ ಎರಡೂ ಅಂಕಿ ಬರೆಸಿದೆ, 36 ಮತ್ತು 8. ಅಮೋನಿಯಾ 9.2 ಅನ್ನುವುದನ್ನೂ ಬರೆಸಿದೆ. ಸೆಕ್ರೆಟರಿಯವರಿಗೆ ಕೊನೆಯದು ಅಷ್ಟು ಇಷ್ಟವಾಗಲಿಲ್ಲ. ಆದರೂ ಸಹಿ ಹಾಕಿದರು.

ನಾಲ್ಕು ವಾರ ಬಿಟ್ಟು ನೋಡಿದಾಗ ಅಮೋನಿಯಾ 0.8ಕ್ಕೆ ಬಂದಿತ್ತು. ಥಯೋಯೂರಿಯಾ ಹಾಕಿದ ಬಿಒಡಿ 5. ಹಾಕದ್ದು 9. ತಪಾಸಣೆಯವರು ಮತ್ತೆ ತೆಗೆದ ಸ್ಯಾಂಪಲ್ಲಿನಲ್ಲೂ 9 ಬಂತು. ಅಂಚಿನಲ್ಲೇ ಇದೆ. ಒಂದು ರಾತ್ರಿ ಬ್ಲೋವರ್ ಕೆಟ್ಟರೆ ಮತ್ತೆ ದಾಟುತ್ತದೆ ಅಂತ ಹೇಳಿದ್ದೇನೆ. ತಿಂಗಳ ಲ್ಯಾಬನ್ನು ಅವರು ಬದಲಾಯಿಸಲಿಲ್ಲ. ರಿಪೋರ್ಟಿನಲ್ಲಿ ಕ್ಲೋರಿನ್ ಎಷ್ಟಿತ್ತು, ತೆಗೆದಿರಾ, ಹೆಪ್ಪು ಹಾಕಿದಿರಾ ಅಂತ ಮೂರು ಸಾಲು ಸೇರಿಸಲು ಕೇಳಿಕೊಂಡರು. ಆ ತಿಂಗಳ ಅಂಕಿ ಮೊದಲ ಸಲ ‘3ಕ್ಕಿಂತ ಕಡಿಮೆ’ ಬಿಟ್ಟು 7 ಆಯಿತು.

ಮೊನ್ನೆ ಆಪರೇಟರ್ ಹುಡುಗ ಫೋನ್ ಮಾಡಿದ್ದ.

“ಮೇಡಂ, ಹೈಪೋ ಖಾಲಿ ಆಗೇತ್ರಿ. ನಾಳೆ ಕ್ಯಾನು ಬರ್ತದ. ಅಷ್ಟ್ರಾಗ ಸ್ಯಾಂಪಲ್ ತಗೊಂಡು ಹೋಗ್ತೀರೇನು?”